ಇಂಗ್ಲೆಂಡಿನ ಫಾದರಿಂಗೇ ಕೋಟೆ ಇದ್ದ ಜಾಗದಲ್ಲಿ ಈಗ ಬರೀ ಮಣ್ಣುದಿಬ್ಬ ಯಾಕಿದೆ?

ಕೋಟೆ ಅಂದ್ರೆ ಕಲ್ಲಿಂದೇ ಅಂತ ನಮ್ಗೆ ಅಭ್ಯಾಸ, ಆದ್ರೆ ಇಂಗ್ಲೆಂಡಲ್ಲಿ ನಾರ್ಮನ್ನರು (ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದೋರು) ಮೊದ್ಲು ಕಟ್ಟಿದ್ದು ಹೆಚ್ಚಾಗಿ ಮಣ್ಣು ಮರದಲ್ಲೇ, ಸುತ್ತ ಕಂದಕ ತೋಡಿ ಆ ಮಣ್ಣನ್ನೇ ಗುಡ್ಡೆ ಹಾಕಿ ಮೇಲೊಂದು ಮರದ ಬುರುಜು ನಿಲ್ಸೋರು, ಆ ಗುಡ್ಡೆನೇ ಮೋಟ್. ಪಕ್ಕದ ಅಂಗಳ ಬೆಯ್ಲಿ, ಲಾಯ ಅಡುಗೆಮನೆ ಎಲ್ಲ ಅಲ್ಲಿ (ನಮ್ಮ ಬೇಲಿಗೂ ಈ ಹೆಸ್ರಿಗೂ ಸಂಬಂಧ ಇಲ್ಲ ಮತ್ತೆ).

ಫಾದರಿಂಗೇನೂ ಹಂಗೇ, 1100ರ ಸುಮಾರಿಗೆ ನೆನ್ ನದಿ ದಡದಲ್ಲಿ ಶುರುವಾಗಿದ್ದು. ಕಲ್ಲಿನ ಕಟ್ಟಡ ಆಮೇಲೆ ಬಂತು, ಇಂಗ್ಲೆಂಡ್ ರಾಜ ಮೂರನೇ ರಿಚರ್ಡ್ 1452ರಲ್ಲಿ ಹುಟ್ಟಿದ್ದು ಇಲ್ಲೇ, ಸ್ಕಾಟ್ಲೆಂಡ್ ರಾಣಿ ಮೇರಿಯ ತಲೆ ಕಡಿದಿದ್ದೂ ಇಲ್ಲೇ, 1587ರಲ್ಲಿ. 17ನೇ ಶತಮಾನದಲ್ಲಿ ಕೆಡವಿದ್ಮೇಲೆ ಕಲ್ಲನ್ನ ಜನ ಬೇರೆ ಕಟ್ಟಡಕ್ಕೆ ಹೊತ್ಕೊಂಡು ಹೋದ್ರು, ಮಣ್ಣು ಯಾರಿಗ್ ಬೇಕು, ಉಳ್ಕೊಂಡ್ತು. ನದಿ ಹತ್ರ ಗೋಡೆದೊಂದು ತುಂಡು ಮಾತ್ರ ಬಿದ್ದಿದೆ.