ಬೀರುವಿನ ಪಿಸ್ತೂಲು ಮತ್ತು ನಿನ್ನ ಬಾಯಿಮಾತು

ತಮ್ಮಾ, ನಿನ್ನ ಪತ್ರ ಓದಿದೆ. ವಿರಾಜಪೇಟೆ ಕಡೆಯಿಂದ ಎಂಎಸ್ ಮಾಡಲು ಡಲ್ಲಾಸ್‌ಗೆ ಬಂದಿದ್ದೀಯ. ಜೊತೆಗಿರುವ ಅಮೆರಿಕದ ಹುಡುಗನ ಪಿಸ್ತೂಲು ನಿಮ್ಮ ಅಪಾರ್ಟ್‌ಮೆಂಟಿನ ಬೀರುವಿನಲ್ಲಿದೆ. ಶನಿವಾರ ಶೂಟಿಂಗ್ ರೇಂಜಿಗೆ ಬಾ ಅಂತ ಕರೆಯುತ್ತಿದ್ದಾನೆ. "ಅದು ನನ್ನದಲ್ಲ, ಸಾಬೀತು ಮಾಡಬೇಕಾದವರು ಸರ್ಕಾರದವರು. ಹಾಗಾದ್ರೆ ನನಗೇನು ಭಯ ಅಕ್ಕಾ?" ಅಂತ ಕೇಳಿದ್ದೀಯ. ಜೊತೆಗೆ ಡ್ರೈವಿಂಗ್ ಲೈಸೆನ್ಸು, ಕ್ರೆಡಿಟ್ ಕಾರ್ಡು, ಚಳಿಗೆ ಏನು ತಗೋಬೇಕು ಅಂತಲೂ ಕೇಳಿದ್ದೀಯ.

ಲೈಸೆನ್ಸಿಗೆ ಹೋಗುವಾಗ ಪಾಸ್‌ಪೋರ್ಟು, ವಿದ್ಯಾರ್ಥಿ ವೀಸಾಗೆಂದು ಕಾಲೇಜು ಕೊಟ್ಟ ಐ-20 ಪತ್ರ ಎರಡೂ ಒಯ್ಯಿ. ಕ್ರೆಡಿಟ್ ಕಾರ್ಡಿಗೆ ಅವಸರ ಬೇಡ. ಡಲ್ಲಾಸ್ ಚಳಿಗೆ ಊರಿನ ಸ್ವೆಟರ್ ಮೇಲೊಂದು ಜಾಕೆಟ್ ಸಾಕು.

ಕೋವಿಯ ವಿಷಯ ಬಿಡಿಸಿ ಹೇಳಬೇಕು. ನಾನೂ ನಮ್ಮ ಕೊಡಗಿನವಳೇ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು, ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವಳು. ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿನಗೂ ಗೊತ್ತು. ಇಲ್ಲಿಗೆ ಬಂದ ಹೊಸದರಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ಮೀನಿನ ಗಾಳದ ಪಕ್ಕದಲ್ಲೇ ಬಂದೂಕು ಸಾಲಾಗಿ ನಿಲ್ಲಿಸಿದ್ದು ಕಂಡು, ಸದ್ಯ, ಇದೊಂದಾದರೂ ನಮ್ಮೂರಿನ ಹಾಗಿದೆ ಅಂದುಕೊಂಡಿದ್ದೆ. ಹಾಗಿಲ್ಲ. ಇಲ್ಲಿನ ಫೆಡರಲ್ ಕಾನೂನು ವೀಸಾದ ಮೇಲೆ ಬಂದವರನ್ನು ಬೇರೆಯೇ ಇಟ್ಟಿದೆ. ಓದಲು ಬಂದವರ ಎಫ್-1 ಇರಲಿ, ಕೆಲಸಕ್ಕೆ ಬಂದವರ ಎಚ್-1ಬಿ ಇರಲಿ, ಕೋವಿಯೂ ಇಟ್ಟುಕೊಳ್ಳುವಂತಿಲ್ಲ, ತೋಟಾವೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ಎನ್ನುವಂಥ ಕೆಲವು ವಿನಾಯಿತಿಗಳಿವೆ, ಅದನ್ನು ವಕೀಲರನ್ನು ಕೇಳದೆ ನಂಬಬೇಡ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಒಂದು ಗಳಿಗೆ ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕವೇ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 10 ವರ್ಷದಿಂದ 15 ವರ್ಷಕ್ಕೆ ಏರಿದೆ.

ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. ಫ್ಲಾರಿಡಾದಲ್ಲಿ ಓದುತ್ತಿದ್ದ ಯುಎಇಯ ವಿದ್ಯಾರ್ಥಿ ಹಮೀದ್ ರೆಹೈಫ್ ಕೇಸು ಓದಿ ನೋಡು. ಮಾರ್ಕು ಕಡಿಮೆಯಾಗಿ ಕಾಲೇಜಿನಿಂದ ಹೊರಬಿದ್ದ. ವಿದ್ಯಾರ್ಥಿ ವೀಸಾದ ಆಧಾರ ಹೋಯಿತು. ಆಮೇಲೆ ರೇಂಜಿಗೆ ಹೋಗಿ ಗುಂಡು ಹೊಡೆದ. ತಾನು ಇಲ್ಲಿ ಅಕ್ರಮವಾಗಿ ಇದ್ದೇನೆಂದು ಅವನಿಗೆ ತಿಳಿದಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕಿಲ್ಲ ಎಂದು ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರಿಗೆ, ಸೂಚನೆ ಕೊಟ್ಟರು. ಜ್ಯೂರಿ ತಪ್ಪಿತಸ್ಥ ಎಂದಿತು, 18 ತಿಂಗಳ ಶಿಕ್ಷೆಯಾಯಿತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಲ್ಲಿ ಆ ಸೂಚನೆ ಸರಿಯಲ್ಲ ಎಂದಿತು. ಕೋವಿ ತನ್ನ ಬಳಿ ಇದೆ ಎನ್ನುವುದೂ ಆರೋಪಿಗೆ ಗೊತ್ತಿರಬೇಕು, ಕೋವಿ ಇಟ್ಟುಕೊಳ್ಳಬಾರದವರ ಗುಂಪಿಗೆ ತಾನು ಸೇರಿದ್ದೇನೆ ಎನ್ನುವುದೂ ಗೊತ್ತಿರಬೇಕು. ಎರಡನ್ನೂ ಸಾಬೀತು ಮಾಡುವ ಹೊರೆ ಸರ್ಕಾರದ್ದೇ.

ಹಾಗಾಗಿ ನೀನು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ಆದರೆ "ಗೊತ್ತಿತ್ತು" ಅಂತ ತೋರಿಸಲು ಅವರು ಹುಡುಕುವುದು ನಿನ್ನ ಕಾಗದಗಳಲ್ಲಿ, ಕಾಲೇಜಿನ ಈಮೇಲ್‌ಗಳಲ್ಲಿ. ಎಲ್ಲಕ್ಕಿಂತ ಜಾಸ್ತಿ, ನಿನ್ನ ಬಾಯಿಯಿಂದ ಬಂದ ಮಾತಿನಲ್ಲಿ.

ಇದನ್ನು ನಾನು ಜ್ಯೂರಿ ಕೋಣೆಯಲ್ಲಿ ಕೂತು ಕಂಡೆ. ಇಲ್ಲಿನ ಪೌರತ್ವ ಬಂದ ಮೇಲೆ ಜ್ಯೂರಿಯಲ್ಲಿ ಕೂರಲು ಕರೆ ಬಂತು. ನಮ್ಮ ದೇಶದಲ್ಲಿ ಕ್ರಿಮಿನಲ್ ಕೇಸಿಗೆ ಜ್ಯೂರಿ ಕೂರಿಸುವ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಉಳಿಯಲಿಲ್ಲ. ಇಲ್ಲಿ 12 ಮಂದಿ ಒಮ್ಮತಕ್ಕೆ ಬರಬೇಕು. ನಮ್ಮ ಮುಂದೆ ಬಂದ ಕೇಸಿನ ಆರೋಪಿ ಹಿಂದೆ ಶಿಕ್ಷೆಯಾದವನು, ಕೋವಿ ಮುಟ್ಟುವಂತಿರಲಿಲ್ಲ. ಓಡಿಸುತ್ತಿದ್ದದ್ದು ನೆಂಟರ ಕಾರು. ಪಕ್ಕದ ಸೀಟಿನ ಕೆಳಗೆ ಟವೆಲ್ ಸುತ್ತಿದ ಪಿಸ್ತೂಲು ಸಿಕ್ಕಿತ್ತು. ಬೆರಳಚ್ಚು ಇರಲಿಲ್ಲ.

ನ್ಯಾಯಾಧೀಶರು ಸೂಚನೆಗಳನ್ನು ಓದಿ ಹೇಳಿ, ಪ್ರತಿಯನ್ನೂ ಕೊಟ್ಟರು. ಕೋವಿಯ ಹತ್ತಿರ ಇದ್ದ ಮಾತ್ರಕ್ಕೆ ಅದು ಅವನ ವಶದಲ್ಲಿತ್ತು ಎಂದಲ್ಲ. ಅದು ಅಲ್ಲಿದೆ ಅಂತ ಗೊತ್ತಿರಬೇಕು, ಅದರ ಮೇಲೆ ಹಿಡಿತ ಸಾಧಿಸುವ ಶಕ್ತಿಯೂ ಉದ್ದೇಶವೂ ಇರಬೇಕು. ನಿನ್ನ ಬದುಕಿನ ಅತಿ ಮುಖ್ಯ ನಿರ್ಧಾರವನ್ನು ಹಿಂದೆಮುಂದೆ ನೋಡದೆ ತೆಗೆದುಕೊಳ್ಳುವಷ್ಟು ಗಟ್ಟಿ ಇರಬೇಕು ಪುರಾವೆ. "ನಿರಪರಾಧಿ ಆಗಿದ್ದರೆ ಎದ್ದುನಿಂತು ಹೇಳಬಹುದಿತ್ತಲ್ಲ?" ಅಂತ ನಮ್ಮಲ್ಲೊಬ್ಬರು ಅಂದರು. ಇನ್ನೊಬ್ಬ ಹೆಂಗಸು ಆ ಪುಟ ತೆಗೆದು, ಅವನ ಮೌನವನ್ನು ಅವನ ವಿರುದ್ಧ ಎಣಿಸಬಾರದು ಎನ್ನುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಮೊದಲು ಮಾತೆತ್ತಿದವರು ಸುಮ್ಮನಾದರು. ಆ ಗಳಿಗೆಯಲ್ಲಿ ಈ ದೇಶದ ಮೇಲೆ ನನಗೆ ನಿಜವಾದ ಹೆಮ್ಮೆ ಬಂತು.

ಆದರೆ ಪೊಲೀಸ್ ವಿಡಿಯೊ ಇತ್ತು. ರಸ್ತೆ ಬದಿಯಲ್ಲಿ ನಿಂತು ಆ ಹುಡುಗ ಎಷ್ಟು ವಿನಯದಿಂದ ಮಾತಾಡುತ್ತಾನೆ ಗೊತ್ತಾ? "ಮೊನ್ನೆ ಸೀಟು ಸರಿಸುವಾಗ ಕೈಗೆ ತಾಗಿತು, ಕಾಣದ ಹಾಗೆ ಒಳಗೆ ತಳ್ಳಿದೆ" ಅನ್ನುತ್ತಾನೆ. ಸರ್ಕಾರ ತುಂಬಬೇಕಿದ್ದ ಹಳ್ಳವನ್ನು ಅವನೇ ಒಂದು ಬುಟ್ಟಿ ಮಣ್ಣು ಸುರಿದು ಮುಚ್ಚಿದ. ಆ ವಾಕ್ಯ ಇಲ್ಲದಿದ್ದರೆ ನಾನು ತಪ್ಪಿತಸ್ಥ ಅಂತ ಕೈ ಎತ್ತುತ್ತಿರಲಿಲ್ಲ. ಕಾನೂನಿನಂತೆ ನಾವು ಮಾಡಿದ್ದು ಸರಿ. ಆದರೂ ಅವನ ತಾಯಿ ಬೆಂಚಿನಲ್ಲಿ ಕೂತಿದ್ದರು, ಆ ಮುಖ ನನ್ನನ್ನು ಬಿಟ್ಟಿಲ್ಲ.

ನಾವು ಊರಲ್ಲಿ ಕಲಿತದ್ದು ಬೇರೆ. ಪೊಲೀಸರು ಕೇಳಿದರೆ ಕೈಕಟ್ಟಿ ನಿಂತು ಎಲ್ಲ ಹೇಳಿಬಿಟ್ಟರೆ ಒಳ್ಳೆಯ ಮನೆಯ ಹುಡುಗ ಅಂತ ಬಿಟ್ಟುಕಳಿಸುತ್ತಾರೆ ಎನ್ನುವ ನಂಬಿಕೆ. ಇಲ್ಲಿ ಅದನ್ನು ಬಿಡು. ಸುಳ್ಳು ಖಂಡಿತ ಹೇಳಬೇಡ, ಫೆಡರಲ್ ಅಧಿಕಾರಿಗೆ ಸುಳ್ಳು ಹೇಳುವುದೇ ಬೇರೊಂದು ಅಪರಾಧ. ಕಾರು ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲಿರಲಿ, ಲೈಸೆನ್ಸು, ಇನ್ಶೂರೆನ್ಸು ತೋರಿಸು. ಕೋವಿಯ ಮಾತು ಬಂದ ಕೂಡಲೇ "ವಕೀಲರ ಜೊತೆ ಮಾತಾಡಿದ ಮೇಲೆ ಉತ್ತರ ಕೊಡುತ್ತೇನೆ" ಅನ್ನು, ನಿಲ್ಲಿಸು. ಈ ಹಕ್ಕು ವೀಸಾದವರಿಗೂ ಇದೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅಂತ ನಮ್ಮ ಸಂವಿಧಾನದ 20(3)ನೇ ವಿಧಿಯೂ ಹೇಳುತ್ತದೆ. ಬಂಧಿಸಿದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳು. ಟೆಕ್ಸಾಸ್‌ನವರಿಗೆ ಹೂಸ್ಟನ್‌ನಲ್ಲೇ ಇದೆ.

ಇನ್ನೊಂದು ಮಾತು. ಕ್ರಿಮಿನಲ್ ಕೋರ್ಟಿನಲ್ಲಿ ಇರುವ ಈ ಕಾವಲು ವಲಸೆ ಕೋರ್ಟಿನಲ್ಲಿ ಇಲ್ಲ. ಅಲ್ಲಿ ಜ್ಯೂರಿಯೇ ಇಲ್ಲ. ವೀಸಾ ರದ್ದಾಗಲು ಶಿಕ್ಷೆಯೇ ಆಗಬೇಕೆಂದೂ ಇಲ್ಲ. ನಿನ್ನ ಅಪ್ಪ ತೋಟ ಅಡವಿಟ್ಟು ಕಳಿಸಿದ್ದಾರೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಶನಿವಾರ ರೇಂಜಿಗೆ ಹೋಗಬೇಡ. ಪಿಸ್ತೂಲನ್ನು ತನ್ನ ಕೋಣೆಯಲ್ಲಿ, ತನ್ನ ಬೀಗದಲ್ಲಿ ಇಟ್ಟುಕೊಳ್ಳಲು ಆ ಹುಡುಗನಿಗೆ ಮರ್ಯಾದೆಯಿಂದ ಹೇಳು. ಒಪ್ಪದಿದ್ದರೆ ಬೇರೆ ರೂಮು ನೋಡು, ಡೆಪಾಸಿಟ್ ಹೋದರೂ ಹೋಗಲಿ. ಆ ಬೀರುವಿನ ಕೀ ನಿನ್ನ ಹತ್ತಿರವೂ ಒಂದಿದ್ದರೆ ಇವತ್ತೇ ಅವನ ಕೈಗೆ ಕೊಟ್ಟುಬಿಡು.