ಓದುಗರ ಪ್ರಶ್ನೆ, ನಮ್ಮ ಉತ್ತರ: ಗೆದ್ದ ಮೇಲೆ ಬಿಸ್ಮಾರ್ಕ್ ಮಾಡಿದ್ದೇನು?

ಹೋದ ಸಂಚಿಕೆಯಲ್ಲಿ 1870ರ ಫ್ರಾನ್ಸ್–ಪ್ರಶ್ಯ ಯುದ್ಧದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಪ್ರಶ್ಯ ಎಂದರೆ ಆಗಿನ ಬಲಿಷ್ಠ ಜರ್ಮನ್ ರಾಜ್ಯ, ಬಿಸ್ಮಾರ್ಕ್ ಅದರ ಪ್ರಧಾನಮಂತ್ರಿ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಸರ್, ಬಿಸ್ಮಾರ್ಕ್ ಒಂದು ಟೆಲಿಗ್ರಾಂ ತಿದ್ದಿದ್ದರಿಂದ ಯುದ್ಧ ಆಯಿತು ಅಂತ ನಮ್ಮ ನೋಟ್ಸ್‌ನಲ್ಲಿದೆ. ಬರೀ ಟೆಲಿಗ್ರಾಂನಿಂದ ಯುದ್ಧ ಆಗುತ್ತಾ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಆಗುವುದಿಲ್ಲಮ್ಮ. ಆದರೆ ಟೆಲಿಗ್ರಾಂ ನಿಜ, ತಿದ್ದಿದ್ದೂ ನಿಜ. ಸ್ಪೇನಿನ ಸಿಂಹಾಸನ 1868ರಿಂದ ಖಾಲಿ ಇತ್ತು. ಪ್ರಶ್ಯದ ರಾಜ ವಿಲ್ಹೆಲ್ಮ್‌ನ ಸಂಬಂಧಿ ಲಿಯೋಪೋಲ್ಡ್‌ನನ್ನು ಅಲ್ಲಿ ಕೂರಿಸುವ ಮಾತು ಬಂತು. ಎರಡೂ ಕಡೆ ಒಂದೇ ಮನೆತನ ಬಂದರೆ ನಡುವೆ ಸಿಕ್ಕಿಬೀಳುತ್ತೇವೆ ಎಂದು ಫ್ರಾನ್ಸ್ ಗಲಾಟೆ ಮಾಡಿತು. ಜುಲೈ 12ಕ್ಕೆ ಲಿಯೋಪೋಲ್ಡ್ ಕಡೆಯವರು ಬೇಡವೇ ಬೇಡ ಎಂದು ಹಿಂದೆ ಸರಿದರು. ಫ್ರಾನ್ಸ್ ಕೇಳಿದ್ದು ಸಿಕ್ಕಿತ್ತು, ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ?

ಮುಗಿಯಲಿಲ್ಲ. 'ಮುಂದೆ ಎಂದೂ ಹೀಗೆ ಮಾಡುವುದಿಲ್ಲ ಎಂದು ಮಾತು ಕೊಡಿ' ಎಂದು ಫ್ರೆಂಚ್ ರಾಯಭಾರಿ ಮರುದಿನ ಎಮ್ಸ್ ಎಂಬ ಊರಿನಲ್ಲಿ ರಾಜನನ್ನೇ ಹಿಡಿದು ಕೇಳಿದ. ರಾಜ ಸೌಜನ್ಯದಿಂದಲೇ ಒಲ್ಲೆ ಎಂದ. ಆ ಸುದ್ದಿ ಟೆಲಿಗ್ರಾಂ ಆಗಿ ಬರ್ಲಿನ್‌ಗೆ ಬಂದಾಗ ಬಿಸ್ಮಾರ್ಕ್ ಸೇನಾಪತಿ ಮೋಲ್ಟ್ಕೆ ಮತ್ತು ಯುದ್ಧಮಂತ್ರಿ ರೂನ್ ಜೊತೆ ಊಟಕ್ಕೆ ಕೂತಿದ್ದ. ಅವನು ಸುಳ್ಳೇನೂ ಸೇರಿಸಲಿಲ್ಲ, ಸೌಜನ್ಯದ ಮಾತುಗಳನ್ನು ಕತ್ತರಿಸಿದ, ಅಷ್ಟೇ. ಓದಿದ ಜರ್ಮನರಿಗೆ ನಮ್ಮ ರಾಜನಿಗೆ ಅವಮಾನ ಮಾಡಿದರು ಅನ್ನಿಸಿತು, ಫ್ರೆಂಚರಿಗೆ ನಮ್ಮ ರಾಯಭಾರಿಯನ್ನು ಬಾಗಿಲಿಂದಾಚೆ ಕಳಿಸಿದರು ಅನ್ನಿಸಿತು. ಜುಲೈ 19ಕ್ಕೆ ಫ್ರಾನ್ಸ್ ಯುದ್ಧ ಸಾರಿತು.

ಆದರೆ ಪರೀಕ್ಷೆಯಲ್ಲಿ ಇಷ್ಟನ್ನೇ ಬರೆದು ನಿಲ್ಲಿಸಬೇಡ. ಬವೇರಿಯಾದಂಥ ದಕ್ಷಿಣ ಜರ್ಮನ್ ರಾಜ್ಯಗಳು ಇನ್ನೂ ಪ್ರಶ್ಯದ ಒಕ್ಕೂಟಕ್ಕೆ ಸೇರಿರಲಿಲ್ಲ. ಅವನ್ನು ಒಳಗೆ ತರಲು ಬಿಸ್ಮಾರ್ಕ್‌ಗೆ ಎಲ್ಲರಿಗೂ ಒಬ್ಬನೇ ಶತ್ರು ಬೇಕಿತ್ತು, ಅದೂ ಆ ಶತ್ರುವೇ ಮೊದಲು ಕೈ ಎತ್ತಬೇಕಿತ್ತು. ಇತ್ತ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಕಾಯಿಲೆಯ ಮನುಷ್ಯ, ದೇಶದೊಳಗೆ ಅವನ ಹಿಡಿತ ಸಡಿಲವಾಗುತ್ತಿತ್ತು, ಒಂದು ಗೆಲುವು ಅವನಿಗೂ ಬೇಕಿತ್ತು. ಟೆಲಿಗ್ರಾಂ ನೆಪವಾಯಿತು.

ಫ್ರಾನ್ಸಿನ ಸೈನ್ಯ ಆಗ ಯುರೋಪಿನಲ್ಲೇ ದೊಡ್ಡ ಹೆಸರು. ಅಷ್ಟು ಬೇಗ ಸೋತದ್ದು ಹೇಗೆ? (ಓದುಗರೊಬ್ಬರು, ದಾವಣಗೆರೆ)

ಬಂದೂಕಿನಿಂದ ಸೋಲಲಿಲ್ಲ, ಇದನ್ನು ಮೊದಲು ಹೇಳಬೇಕು. ಫ್ರೆಂಚರ ಷಾಸ್ಪೋ ಬಂದೂಕು ಪ್ರಶ್ಯದ್ದಕ್ಕಿಂತ ಸುಮಾರು ಎರಡರಷ್ಟು ದೂರ ಹೊಡೆಯುತ್ತಿತ್ತು. ಆಗಸ್ಟ್ 18ರಂದು ಮೆಟ್ಸ್ ಹತ್ತಿರ ಸೇಂಟ್ ಪ್ರಿವಾ ಎಂಬ ಹಳ್ಳಿಯ ಬಯಲಿನಲ್ಲಿ ಮೇಲೇರಿ ಹೋದ ಪ್ರಶ್ಯದ ರಾಜಕಾವಲು ಪಡೆಯಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 8,000 ಮಂದಿ.

ಸೋತದ್ದು ರೈಲಿನಲ್ಲಿ, ಕಾಗದಪತ್ರದಲ್ಲಿ. ಪ್ರಶ್ಯದ ಸೇನಾ ಕಚೇರಿ ಯಾವ ತುಕಡಿ ಯಾವ ರೈಲು ಹತ್ತಬೇಕು, ಎಷ್ಟು ಹೊತ್ತಿಗೆ ಎಲ್ಲಿ ಇಳಿಯಬೇಕು ಎಂದು ವರ್ಷಗಟ್ಟಲೆ ಮೊದಲೇ ಬರೆದಿಟ್ಟಿತ್ತು. ಮೂರು ವಾರದೊಳಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಜರ್ಮನ್ ಸೈನಿಕರು ಗಡಿಯಲ್ಲಿದ್ದರು. ಫ್ರಾನ್ಸಿನಲ್ಲಿ ರಜೆಯ ಮೇಲಿದ್ದ ಸೈನಿಕ ಮೊದಲು ತನ್ನ ಪಡೆಯ ಊರಿಗೆ ಹೋಗಿ ಬಟ್ಟೆ, ಬಂದೂಕು ತಗೊಂಡು, ಆಮೇಲೆ ದೇಶದ ಇನ್ನೊಂದು ತುದಿಯ ಗಡಿಗೆ ಬರಬೇಕಿತ್ತು. ಬೆಲ್‌ಫೋರ್ ಊರಿಗೆ ಬಂದಿಳಿದ ಒಬ್ಬ ಸೇನಾಧಿಕಾರಿ ನನ್ನ ಪಡೆ ಸಿಗುತ್ತಿಲ್ಲ, ಏನು ಮಾಡಲಿ ಎಂದು ಪ್ಯಾರಿಸ್‌ಗೆ ತಂತಿ ಹೊಡೆದಿದ್ದ. ಓದುವಾಗ ಸಂಕಟವಾಗುತ್ತದೆ, ಯಾಕೆಂದರೆ ಆ ಸೈನಿಕರು ಹೇಡಿಗಳಾಗಿರಲಿಲ್ಲ. ಇದರ ಜೊತೆಗೆ ಕ್ರುಪ್ ಕಾರ್ಖಾನೆಯ ಉಕ್ಕಿನ ಫಿರಂಗಿ. ಅದಕ್ಕೆ ಹಿಂದಿನಿಂದ ಗುಂಡು ತುಂಬಬಹುದಿತ್ತು, ಫ್ರೆಂಚರ ಕಂಚಿನ ಫಿರಂಗಿಗೆ ಬಾಯಿಂದಲೇ ತುಂಬಬೇಕು.

ಒಂದು ದೊಡ್ಡ ಸೈನ್ಯ ಮೆಟ್ಸ್ ಕೋಟೆಯಲ್ಲಿ ಸಿಕ್ಕಿಬಿತ್ತು. ಅದನ್ನು ಬಿಡಿಸಲು ಹೊರಟ ಇನ್ನೊಂದು ಸೈನ್ಯ ಸೆಡಾನ್‌ನಲ್ಲಿ ಸಿಕ್ಕಿಬಿತ್ತು. ಸೆಪ್ಟೆಂಬರ್ 2ರಂದು ಸುಮಾರು ಒಂದು ಲಕ್ಷ ಸೈನಿಕರ ಜೊತೆ ಚಕ್ರವರ್ತಿಯೂ ಸೆರೆಯಾದ. ಯುದ್ಧ ಸಾರಿ ಆರೂವರೆ ವಾರ ಆಗಿತ್ತು.

ಚಕ್ರವರ್ತಿಯೇ ಸೆರೆಯಾದ ಮೇಲೆ ಯುದ್ಧ ಮುಗಿಯಬೇಕಿತ್ತಲ್ಲ? ಜನವರಿವರೆಗೂ ಯಾಕೆ ನಡೆಯಿತು? (ಓದುಗರೊಬ್ಬರು, ಹುಬ್ಬಳ್ಳಿ)

ನೆಲಕ್ಕಾಗಿ. ಸೆಪ್ಟೆಂಬರ್ 4ರಂದು ಪ್ಯಾರಿಸ್‌ನಲ್ಲಿ ಗಣರಾಜ್ಯ ಘೋಷಣೆ ಆಯಿತು. ಹೊಸ ಸರ್ಕಾರದ ವಿದೇಶಾಂಗ ಮಂತ್ರಿ ಜೂಲ್ ಫಾವ್ರ್ ಬಿಸ್ಮಾರ್ಕ್‌ನನ್ನು ಭೇಟಿಯಾಗಲು ಹೋದ. ದುಡ್ಡು ಎಷ್ಟು ಬೇಕಾದರೂ ಕೇಳಿ, ಆದರೆ ನಮ್ಮ ನೆಲದ ಒಂದಂಗುಲವನ್ನೂ ಕೋಟೆಯ ಒಂದು ಕಲ್ಲನ್ನೂ ಕೊಡುವುದಿಲ್ಲ ಎನ್ನುವುದು ಅವನ ನಿಲುವು. ಬಿಸ್ಮಾರ್ಕ್ ಕೇಳಿದ್ದು ಅದನ್ನೇ. ಜರ್ಮನ್ ಗಡಿಗೆ ಅಂಟಿಕೊಂಡ ಫ್ರಾನ್ಸಿನ ಪೂರ್ವ ಸೀಮೆ ಅಲ್ಸೇಸ್ ಕೊಡಿ ಎಂದ. ಅಲ್ಲಿಗೆ ಮಾತು ಮುರಿಯಿತು. ಉಳಿದ ಸಾವುಗಳಲ್ಲಿ ಎಷ್ಟೋ ಈ ಒಂದು ಬೇಡಿಕೆಯ ಲೆಕ್ಕಕ್ಕೆ ಸೇರುತ್ತವೆ ಎಂದು ನಾನು ನಂಬಿದ್ದೇನೆ.

ಪ್ಯಾರಿಸ್‌ಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆ ಬಿತ್ತು. ಮಂತ್ರಿ ಗ್ಯಾಂಬೆಟ್ಟಾ ಅಕ್ಟೋಬರ್ 7ರಂದು ಬಲೂನಿನಲ್ಲಿ ಹಾರಿ ಹೊರಗೆ ಹೋಗಿ ಹೊಸ ಸೈನ್ಯ ಕಟ್ಟಿದ. ಊರೊಳಗಿನ ಕಾಗದಗಳು ಬಲೂನಿನಲ್ಲಿ ಆಚೆ ಹೋಗುತ್ತಿದ್ದವು. ಹೊರಗಿನ ಕಾಗದಗಳನ್ನು ಚಿಕ್ಕದಾಗಿ ಫೋಟೊ ತೆಗೆದು, ಆ ಫಿಲ್ಮನ್ನು ಸುತ್ತಿ ಪಾರಿವಾಳದ ಬಾಲದ ಗರಿಗೆ ಕಟ್ಟಿ ಒಳಗೆ ಕಳಿಸುತ್ತಿದ್ದರು. ಚಳಿಗಾಲ ಬಂದ ಹಾಗೆ ಜನ ಕುದುರೆ ತಿಂದರು, ಇಲಿ ತಿಂದರು, ಮೃಗಾಲಯದ ಎರಡು ಆನೆಗಳನ್ನೂ ಕೊಂದು ಮಾಂಸ ಮಾರಿದರು. ಜನವರಿ 28ಕ್ಕೆ ಕದನವಿರಾಮ.

ಆಮೇಲೆ ನಡೆದದ್ದು ಇನ್ನೂ ಕರಾಳ. ಅಷ್ಟು ಹಸಿದು ತಡೆದುಕೊಂಡ ಊರಿಗೆ ಶರಣಾಗತಿ ಒಪ್ಪಿಗೆಯಾಗಲಿಲ್ಲ. ಜನರ ಕಾವಲು ಪಡೆಯ ಹತ್ತಿರ ಇದ್ದ ಫಿರಂಗಿಗಳನ್ನು ತರಲು ಫ್ರಾನ್ಸಿನ ಹೊಸ ಮುಖ್ಯಸ್ಥ ಥಿಯೇರ್‌ನ ಸರ್ಕಾರ ಮಾರ್ಚ್ 18ರಂದು ಮೋಂಮಾರ್ತ್ರ್ ಗುಡ್ಡಕ್ಕೆ ಸೈನ್ಯ ಕಳಿಸಿತು, ಸೈನಿಕರೇ ಜನರ ಜೊತೆ ಸೇರಿಕೊಂಡರು, ಊರು ಕಮ್ಯೂನ್ ಎಂಬ ತನ್ನದೇ ಆಡಳಿತ ಮಾಡಿಕೊಂಡಿತು. ಅದನ್ನು ಮುರಿಯಲು ಬಿಸ್ಮಾರ್ಕ್ ತನ್ನ ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರನ್ನು ಬಿಟ್ಟುಕೊಟ್ಟ. ಮೇ 21ರಿಂದ 28ರವರೆಗೆ ಫ್ರೆಂಚರೇ ಫ್ರೆಂಚರನ್ನು ಬೀದಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಕೊಂದರು. ಊರಾಚೆ ನಿಂತಿದ್ದ ಜರ್ಮನ್ ಸೈನ್ಯ ನೋಡುತ್ತಿತ್ತು.

500 ಕೋಟಿ ಫ್ರಾಂಕ್ ದಂಡ ಎಂದು ಓದಿದ್ದೆ. ಸೋತು ಸುಣ್ಣವಾದ ದೇಶ ಅಷ್ಟನ್ನು ಕಟ್ಟಿತೇ? (ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಕಟ್ಟಿತು, ಅದೂ ಗಡುವಿಗಿಂತ ಮೊದಲೇ. 1871ರ ಮೇ 10ರ ಫ್ರಾಂಕ್‌ಫರ್ಟ್ ಒಪ್ಪಂದದ ಪ್ರಕಾರ ದುಡ್ಡು ತೀರುವವರೆಗೆ ಜರ್ಮನ್ ಸೈನ್ಯ ಫ್ರಾನ್ಸಿನ ಪೂರ್ವ ಜಿಲ್ಲೆಗಳಲ್ಲಿ ಕೂತಿರುತ್ತದೆ. ಅವರನ್ನು ಮನೆಗೆ ಕಳಿಸಬೇಕೆಂಬ ಹಟಕ್ಕೆ ಜನ ಸರ್ಕಾರಕ್ಕೆ ಸಾಲ ಕೊಟ್ಟರು. 1872ರ ಸಾಲಪತ್ರಕ್ಕೆ ಸರ್ಕಾರ ಕೇಳಿದ್ದರ ಹತ್ತು ಪಟ್ಟಿಗೂ ಹೆಚ್ಚು ಹಣ ಮುಂದೆ ಬಂತು. ಅದರಲ್ಲಿ ಹೊರದೇಶದ ದುಡ್ಡೂ ಇತ್ತು. 1873ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಂತು ಸಂದಾಯವಾಗಿ ಕೊನೆಯ ಜರ್ಮನ್ ಸೈನಿಕ ಹೊರಟ.

ಪಡೆದವರ ಕಥೆ ಕೇಳಿ. 12 ಕೋಟಿ ಮಾರ್ಕ್ ಚಿನ್ನದ ನಾಣ್ಯಗಳನ್ನು ಬರ್ಲಿನ್ ಪಕ್ಕದ ಸ್ಪಾಂಡೌ ಕೋಟೆಯ ಬುರುಜಿನಲ್ಲಿ ಮುಂದಿನ ಯುದ್ಧಕ್ಕೆಂದು ಎತ್ತಿಟ್ಟರು. ಉಳಿದ ದುಡ್ಡು ಪೇಟೆಗೆ ನುಗ್ಗಿದ್ದರಿಂದ ದಿನಕ್ಕೊಂದು ಕಂಪನಿ ಹುಟ್ಟಿತು, ಷೇರು ಏರಿತು, 1873ರಲ್ಲಿ ಮೊದಲು ವಿಯೆನ್ನಾ ಆಮೇಲೆ ಬರ್ಲಿನ್ ಪೇಟೆ ಕುಸಿಯಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ಸುಮ್ನೆ ಇದೊಂದನ್ನೇ ದೂರುವುದು ಸರಿಯಲ್ಲ.

ಅಲ್ಸೇಸ್ ಜನ ಮಾತಾಡುತ್ತಿದ್ದದ್ದು ಜರ್ಮನ್ ಕಡೆಯ ನುಡಿ. ಭಾಷೆಯ ಪ್ರಕಾರ ಅದು ಜರ್ಮನಿಗೆ ಸೇರಿದ್ದರಲ್ಲಿ ತಪ್ಪೇನು? ಗಡಿಯಲ್ಲಿರುವ ನಮಗೆ ಈ ಪ್ರಶ್ನೆ ತಟ್ಟುತ್ತದೆ. (ಓದುಗರೊಬ್ಬರು, ಕಾಸರಗೋಡು)

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಬರ್ಲಿನ್‌ನವರು ಆಗ ಕೊಟ್ಟ ವಾದವೂ ಇದೇ. ಅವರ ಮನೆಮಾತು ನಮ್ಮದು, ಹಳೆಯ ಕಾಲದಲ್ಲಿ ಆ ನೆಲ ನಮ್ಮದು, ಆದ್ದರಿಂದ ಅವರು ನಮ್ಮವರು.

ಆದರೆ ಆ ಜನರನ್ನು ಯಾರೂ ಕೇಳಲಿಲ್ಲ. ತಪ್ಪು ಇರುವುದು ಅಲ್ಲಿ. ನಮ್ಮ ಕಡೆ ಭಾಷೆಯ ಪ್ರಕಾರ ರಾಜ್ಯ ಬೇಕೆಂದು ಕೇಳಿದವರು ಆ ಭಾಷೆಯ ಜನರೇ. ಅಲ್ಸೇಸಿನವರು ಮನೆಯಲ್ಲಿ ತಮ್ಮ ನುಡಿ ಆಡುತ್ತಾ, ಫ್ರೆಂಚ್ ಕ್ರಾಂತಿಯ ಕಾಲದಿಂದ ತಮ್ಮನ್ನು ಫ್ರಾನ್ಸಿನ ಪ್ರಜೆಗಳು ಎಂದುಕೊಂಡಿದ್ದರು. ಎರಡೂ ಒಟ್ಟಿಗೆ ಇರಬಹುದು. ಮೆಟ್ಸ್ ಊರಿನಲ್ಲಂತೂ ಭಾಷೆಯ ವಾದವೂ ನಿಲ್ಲುವುದಿಲ್ಲ, ಅಲ್ಲಿ ಆಡುತ್ತಿದ್ದದ್ದೇ ಫ್ರೆಂಚ್. ಅದನ್ನು ತಗೊಂಡದ್ದು ಕೋಟೆಗಾಗಿ, ಸೇನಾಪತಿಗಳು ಹಟ ಹಿಡಿದದ್ದಕ್ಕಾಗಿ.

ಫ್ರೆಂಚ್ ಪ್ರಜೆಯಾಗಿಯೇ ಉಳಿಯಬೇಕೆನ್ನುವವರು 1872ರ ಅಕ್ಟೋಬರ್ 1ರೊಳಗೆ ಊರು ಬಿಡಬೇಕಿತ್ತು. ಲಕ್ಷಕ್ಕೂ ಹೆಚ್ಚು ಜನ ಹೊಲಮನೆ ಬಿಟ್ಟು ಹೊರಟರು. ಉಳಿದವರು 1874ರಲ್ಲಿ ಮೊದಲ ಸಲ ಬರ್ಲಿನ್ ಸಂಸತ್ತಿಗೆ 15 ಜನರನ್ನು ಆರಿಸಿ ಕಳಿಸಿದಾಗ, ಆ ಪ್ರತಿನಿಧಿಗಳು ಅಲ್ಲಿ ನಿಂತು ನಮ್ಮ ಜನರನ್ನು ಕೇಳದೆ ಸೇರಿಸಿಕೊಂಡಿದ್ದೀರಿ, ಈಗಲಾದರೂ ಕೇಳಿ ಎಂದರು. ಆ ಸಭೆ ಅದನ್ನು ತಳ್ಳಿಹಾಕಿತು. ಜರ್ಮನಿಯಲ್ಲೂ ಇದನ್ನು ವಿರೋಧಿಸಿದವರಿದ್ದರು, ಸಮಾಜವಾದಿ ನಾಯಕರಾದ ಆಗಸ್ಟ್ ಬೇಬೆಲ್ ಮತ್ತು ವಿಲ್ಹೆಲ್ಮ್ ಲೀಬ್‌ಕ್ನೆಕ್ಟ್. ಇಬ್ಬರ ಮೇಲೂ ರಾಜದ್ರೋಹದ ಮೊಕದ್ದಮೆ ನಡೆಯಿತು, ಇಬ್ಬರೂ ಜೈಲು ಕಂಡರು.

ಬಿಸ್ಮಾರ್ಕ್ ಅಷ್ಟು ಬುದ್ಧಿವಂತನಾಗಿದ್ದರೆ ಇದರ ಪರಿಣಾಮ ಗೊತ್ತಾಗಲಿಲ್ಲವೇ? (ಶಿಕ್ಷಕರೊಬ್ಬರು, ತುಮಕೂರು)

ಗೊತ್ತಿತ್ತು ಮೇಷ್ಟ್ರೇ. ನನ್ನನ್ನು ಕಾಡುವುದು ಅದೇ. ಇದೇ ಮನುಷ್ಯ 1866ರಲ್ಲಿ ಆಸ್ಟ್ರಿಯಾವನ್ನು ಸೋಲಿಸಿದಾಗ ರಾಜನೂ ಸೇನಾಪತಿಗಳೂ ವಿಯೆನ್ನಾಗೆ ನುಗ್ಗೋಣ, ನೆಲ ಕಿತ್ತುಕೊಳ್ಳೋಣ ಎಂದು ಕುಣಿದರು. ಬಿಸ್ಮಾರ್ಕ್ ಅವರ ಜೊತೆ ಜಗಳವಾಡಿ ತಡೆದ. ನಾಳೆ ಇವರ ಸ್ನೇಹ ಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಆಸ್ಟ್ರಿಯಾದ ನೆಲವನ್ನು ಪ್ರಶ್ಯ ಮುಟ್ಟಲಿಲ್ಲ. ಹದಿಮೂರೇ ವರ್ಷಕ್ಕೆ, 1879ರಲ್ಲಿ, ಆಸ್ಟ್ರಿಯಾ ಅವನ ಮಿತ್ರರಾಷ್ಟ್ರವಾಯಿತು.

1871ರಲ್ಲಿ ಮೆಟ್ಸ್ ಬಗ್ಗೆ ಅವನಿಗೇ ಹಿಂಜರಿಕೆ ಇತ್ತು. ಆದರೂ ತಡೆಯಲಿಲ್ಲ. ಫ್ರಾನ್ಸ್ ಹೇಗಿದ್ದರೂ ಸೋಲನ್ನು ಮರೆಯುವುದಿಲ್ಲ, ಹಾಗಾದರೆ ಗಟ್ಟಿ ಗಡಿಯಾದರೂ ಇರಲಿ ಎಂದುಕೊಂಡ. ಪ್ರಯತ್ನವನ್ನೇ ಮಾಡದೆ ಮರೆಯುವುದಿಲ್ಲ ಎಂದು ತೀರ್ಮಾನಿಸಿದ್ದನ್ನು ನಾನು ಒಪ್ಪಲಾರೆ. ಅದರ ಮೇಲೆ, ಹೊಸ ಜರ್ಮನ್ ಸಾಮ್ರಾಜ್ಯದ ಘೋಷಣೆಯನ್ನು 1871ರ ಜನವರಿ 18ರಂದು ಮಾಡಿದ್ದು ಎಲ್ಲಿ? ಫ್ರೆಂಚ್ ರಾಜರ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ, ಪ್ಯಾರಿಸ್ ಹಸಿದಿರುವಾಗ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ 1919ರ ಶಾಂತಿ ಸಮ್ಮೇಳನವನ್ನು ಫ್ರಾನ್ಸ್ ಶುರು ಮಾಡಿದ್ದು ಅದೇ ಜನವರಿ 18ಕ್ಕೆ. ಜರ್ಮನಿಯಿಂದ ಸಹಿ ಹಾಕಿಸಿಕೊಂಡದ್ದೂ ಅದೇ ಹಜಾರದಲ್ಲಿ.

ಮುಂದಿನ ಇಪ್ಪತ್ತು ವರ್ಷ ಬಿಸ್ಮಾರ್ಕ್ ಫ್ರಾನ್ಸಿಗೆ ಗೆಳೆಯರು ಸಿಗದ ಹಾಗೆ ನೋಡಿಕೊಳ್ಳುವುದರಲ್ಲೇ ಕಳೆದ. 1890ರಲ್ಲಿ ಜರ್ಮನಿಯ ಹೊಸ ಚಕ್ರವರ್ತಿ ಅವನನ್ನು ಮನೆಗೆ ಕಳಿಸಿದ, ರಷ್ಯಾದ ಜೊತೆಗಿನ ಗುಟ್ಟಿನ ಒಪ್ಪಂದವನ್ನು ಮುಂದುವರಿಸಲಿಲ್ಲ. 1894ಕ್ಕೆ ರಷ್ಯಾ ಮತ್ತು ಫ್ರಾನ್ಸ್ ಕೈ ಜೋಡಿಸಿ ಆಗಿತ್ತು.

ಸೈನ್ಯಗಳ ಮೇಲೆ ಏನು ಪರಿಣಾಮ ಆಯಿತು? (ಮಾಜಿ ಸೈನಿಕರು, ಮಡಿಕೇರಿ)

ಬಹಳ. ಪ್ರಶ್ಯದ ಮಾದರಿ ಎಲ್ಲರಿಗೂ ಪಾಠವಾಯಿತು. ಫ್ರಾನ್ಸ್ 1872ರಲ್ಲೇ ಕಡ್ಡಾಯ ಸೇನಾಸೇವೆಯ ಹೊಸ ಕಾನೂನು ತಂದಿತು. ಫ್ರೆಂಚರಿಂದ ಕಲಿಯುತ್ತಿದ್ದ ಜಪಾನ್ 1885ರಲ್ಲಿ ಮೆಕ್ಕೆಲ್ ಎಂಬ ಪ್ರಶ್ಯದ ಅಧಿಕಾರಿಯನ್ನು ಕರೆಸಿಕೊಂಡಿತು.

ನೀವು ಸೈನಿಕರಾದ್ದರಿಂದ ಇದನ್ನು ಭೂಪಟ ಇಟ್ಟುಕೊಂಡು ನೋಡಿ. ಹಳೆಯ ಗಡಿ ಹೋಯಿತು ಎಂದು ಫ್ರಾನ್ಸ್ ಹೊಸ ಗಡಿಯ ಉದ್ದಕ್ಕೂ, ವರ್ದೂನ್, ತೂಲ್, ಎಪಿನಾಲ್, ಬೆಲ್‌ಫೋರ್ ಎಂದು ಸಾಲು ಕೋಟೆ ಕಟ್ಟಿತು. ಆ ಸಾಲನ್ನು ಮುರಿಯುವುದು ಕಷ್ಟ ಎಂದು ಜರ್ಮನ್ ಸೇನಾ ಕಚೇರಿ ಬಳಸು ದಾರಿ ಹುಡುಕಿತು. ಬಳಸು ದಾರಿ ಎಂದರೆ ಬೆಲ್ಜಿಯಂ. 1914ರ ಆಗಸ್ಟ್‌ನಲ್ಲಿ ಅವರು ಆ ದಾರಿಯಲ್ಲೇ ಬಂದರು, ಬೆಲ್ಜಿಯಂ ಮುಟ್ಟಿದ್ದಕ್ಕೆ ಬ್ರಿಟನ್ ಯುದ್ಧಕ್ಕಿಳಿಯಿತು, ಬ್ರಿಟನ್ ಹಿಂದೆ ಭಾರತದ ಸೈನಿಕರೂ ಹೋದರು.

ಪ್ಯಾರಿಸ್‌ನಲ್ಲಿ ಒಂದು ಪ್ರತಿಮೆಗೆ ಕರಿಬಟ್ಟೆ ಹೊದಿಸಿದ್ದರಂತೆ. ಈಗಲೂ ಇದೆಯೇ? (ಓದುಗರೊಬ್ಬರು, ಉಡುಪಿ)

ಪ್ರತಿಮೆ ಇದೆ, ಬಟ್ಟೆ ಇಲ್ಲ. ಕಾಂಕಾರ್ಡ್ ಚೌಕದ ಸುತ್ತ ಫ್ರಾನ್ಸಿನ ಎಂಟು ಊರುಗಳ ಹೆಸರಿನಲ್ಲಿ ಎಂಟು ಹೆಣ್ಣು ಪ್ರತಿಮೆಗಳು ಕೂತಿವೆ. ಅದರಲ್ಲಿ ಒಂದು ಅಲ್ಸೇಸಿನ ಸ್ಟ್ರಾಸ್‌ಬರ್ಗ್. 1871ರ ನಂತರ ಜನ ಅದಕ್ಕೆ ಕರಿಬಟ್ಟೆ ಹೊದಿಸಿ, ಹೂಮಾಲೆ ಇಟ್ಟು ಹೋಗುತ್ತಿದ್ದರು. 1918ರ ನವೆಂಬರ್‌ನಲ್ಲಿ ಫ್ರೆಂಚ್ ಸೈನ್ಯ ಸ್ಟ್ರಾಸ್‌ಬರ್ಗ್‌ಗೆ ಕಾಲಿಟ್ಟಿತು, ಪ್ರತಿಮೆಯ ಸೂತಕ ಕಳೆಯಿತು. 1940ರಲ್ಲಿ ಆ ಊರು ಮತ್ತೆ ಜರ್ಮನರ ಕೈಗೆ ಹೋಗಿ, 1944ರಲ್ಲಿ ಮತ್ತೆ ಬಂತು. ಅಂದರೆ 1870ಕ್ಕೆ ತುಸು ಮೊದಲು ಅಲ್ಲಿ ಹುಟ್ಟಿ ಎಂಬತ್ತು ವರ್ಷ ಬಾಳಿದ ಒಬ್ಬ ಅಜ್ಜಿ ಮನೆ ಬದಲಿಸದೆಯೇ ನಾಲ್ಕು ಸಲ ದೇಶ ಬದಲಿಸಿದಳು.