ಟೆಲಿಸ್ಕೋಪ್ ಈಗಲೇ ಬೇಡ, ಒಂದು ಬೈನಾಕುಲರ್ ಸಾಕು

ದೀಪಾವಳಿ ಮುಗಿಯಿತು, ಚಳಿಗಾಲದಲ್ಲಿ ಮಕ್ಕಳಿಗೆ ಚಂದ್ರನನ್ನೂ ಹಿತ್ತಲಿನ ಹಕ್ಕಿಗಳನ್ನೂ ತೋರಿಸಬೇಕು, ಟೆಲಿಸ್ಕೋಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗ ಬೇಡ. 8×42 ಬೈನಾಕುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ತಗೊಳ್ಳಿ, ಎರಡಕ್ಕೂ ಆಗುತ್ತದೆ. ಆದರೆ ಅದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಹಾಕಬೇಡಿ. ನಮ್ಮ ಉಡುಪಿಯ ಮಳೆಗಾಲ ಗೊತ್ತಲ್ವಾ, ನನ್ನ ಮೊದಲ ಬೈನಾಕುಲರಿನ ಗಾಜಿನೊಳಗೆ ಬೂಷ್ಟು ಹಿಡಿದು ಹಾಳಾಯಿತು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ.

ಚಂದ್ರನಿಗಾಗಿ ಹುಣ್ಣಿಮೆಗೆ ಕಾಯಬೇಡಿ. ಅವತ್ತು ಬೆಳಕು ನೇರ ಬೀಳುತ್ತದೆ, ನೆರಳಿಲ್ಲ, ಗುಂಡಿಗಳು ಸರಿಯಾಗಿ ಕಾಣುವುದಿಲ್ಲ. ಬಿದಿಗೆ ತದಿಗೆಯಿಂದಲೇ ಶುರು ಮಾಡಿ. ಪಡುವಣದಲ್ಲಿ ತೆಂಗಿನ ಮರ ಅಡ್ಡ ಬಂದರೆ ತಾರಸಿ ಹತ್ತಿ, ಇಲ್ಲವೇ ಮಲ್ಪೆ ಕಡಲ ತೀರಕ್ಕೆ ಹೋಗಿ. ಗೆರೆಯಂಥ ಚಂದ್ರನ ಉಳಿದ ಭಾಗವೂ ಮಂಕಾಗಿ ಕಾಣುತ್ತದೆ. ಅದು ನಮ್ಮ ಭೂಮಿಯಿಂದ ಹೋದ ಬೆಳಕು ಅಂತ ಮಕ್ಕಳಿಗೆ ಹೇಳಿ. ಅಷ್ಟಮಿಯ ಹೊತ್ತಿಗೆ ಬೆಳಕು ಕತ್ತಲೆ ಸೇರುವ ಅಂಚನ್ನೇ ನೋಡಿ. ಅಲ್ಲಿ ಗುಂಡಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ, ಸಂಜೆ ಅಂಗಳದಲ್ಲಿ ಅಡಿಕೆ ಮರದ ನೆರಳು ಬಿದ್ದ ಹಾಗೆ. ಕೈ ನಡುಗಿದರೆ ಮೊಣಕೈ ಪಾಗಾರದ ಮೇಲೆ ಊರಿ. ಕಾರ್ತಿಕ ಹುಣ್ಣಿಮೆಗೂ ಒಂದು ಕೆಲಸ ಇದೆ: ಚಂದ್ರನ ಹತ್ತಿರ ಕೃತ್ತಿಕೆ ನಕ್ಷತ್ರಗಳ ಗೊಂಚಲು ಹುಡುಕಿ. ತಿಂಗಳಿಗೆ ಆ ಹೆಸರು ಬಂದದ್ದೇ ಅದರಿಂದ.

ಹಕ್ಕಿಗಳಲ್ಲಿ ನನಗೆ ಜಾಸ್ತಿ ಪ್ರೀತಿ ನವರಂಗದ ಮೇಲೆ. ಹಸಿರು ಬೆನ್ನು, ಮೋಟು ಬಾಲ, ಬಾಲದ ಬುಡ ಕೆಂಪು. ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇತ್ತ ಬರುತ್ತದೆ. ಬೆಳಿಗ್ಗೆ ಮತ್ತು ಮುಸ್ಸಂಜೆ ಎರಡು ಸ್ವರದ ಜೋರು ಸಿಳ್ಳೆ. ತಮಿಳರು ಅದನ್ನು ಆರು ಗಂಟೆ ಹಕ್ಕಿ ಅಂತಲೇ ಕರೆಯುತ್ತಾರೆ. ಬಿದಿಗೆ ಚಂದ್ರ ಕಾಣುವ ಹೊತ್ತೂ ಅದೇ. ಆ ಅರ್ಧ ಗಂಟೆ ಮಕ್ಕಳ ಜೊತೆ ಹಿತ್ತಲಲ್ಲಿ ಸುಮ್ನೆ ಕೂತುಬಿಡಿ.

ಒಂದು ಕೇಳಿಕೆ: ಹಲಸಿನ ಬುಡದ ತರಗೆಲೆ ಗುಡಿಸಿ ಸುಡಬೇಡಿ. ನವರಂಗ ನೆಲದಲ್ಲೇ ಕುಪ್ಪಳಿಸುತ್ತಾ ಎಲೆ ಮಗುಚಿ ಹುಳ, ಎರೆಹುಳ ತಿನ್ನುತ್ತದೆ. ಎಲೆ ಗುಡಿಸಿದ ಹಿತ್ತಲಲ್ಲಿ ಅದಕ್ಕೇನಿದೆ? ಪಿಕಳಾರ, ಮಡಿವಾಳ ಹಕ್ಕಿಗಳಿಗೆ ಒಂದು ಅಗಲದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರಿಡಿ. ದಿನಾ ಚೆಲ್ಲಿ ಬದಲಾಯಿಸಿ, ಸೊಳ್ಳೆ ಆಗಬಾರದು. ಬೆಕ್ಕು ಅಡಗುವ ಪೊದೆಯಿಂದ ದೂರ ಇರಲಿ.

ದೂರದಿಂದ ಬಂದ ನವರಂಗ ಕಿಟಕಿ ಗಾಜಿಗೆ ಬಡಿದು ಬೀಳುವುದುಂಟು. ನಮ್ಮಲ್ಲೂ ಒಂದು ಬಿದ್ದಿತ್ತು. ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ನಮ್ಮದು ಒಂದು ಗಂಟೆಯಲ್ಲಿ ಚೇತರಿಸಿಕೊಂಡಿತು, ಹಿತ್ತಲಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಹಾರಿತು. ಈಗ ಆ ಗಾಜಿನ ಹೊರಗೆ ನಾಲ್ಕು ಬೆರಳಿಗೊಂದರಂತೆ ತೆಂಗಿನ ಹುರಿ ಇಳಿಬಿಟ್ಟಿದ್ದೇನೆ. ಆಮೇಲೆ ಯಾವ ಹಕ್ಕಿಯೂ ಬಡಿದಿಲ್ಲ.